ಗಾಜಿನ ಮೇಲಿನ ದೃಷ್ಟಿಬೊಟ್ಟು

೧೯೪೩ರ ಮಾರ್ಚ್ ೧೫, ಸೋಮವಾರ. ಮಧ್ಯಾಹ್ನ ಮೂರೂಕಾಲಿಗೆ ಹಾನಗಲ್ ಠಾಣೆಗೆ ಬಂದ ಫಿರ್ಯಾದು ಕೇಳಿ ಫೌಜದಾರ ಕರಬಸಪ್ಪನಿಗೆ ನಗು ಬಂತು. ಫೋಟೋ ಸ್ಟುಡಿಯೋದ ರಾಘಣ್ಣ ಊಟಕ್ಕೆ ಹೋದಾಗ ಯಾರೋ ಚಿಲಕ ತೆಗೆದು ಒಳಹೊಕ್ಕು ಒಂದೇ ಒಂದು ಗಾಜಿನ ಪ್ಲೇಟು ಕದ್ದಿದ್ದರು. ನಗು ಬಹಳ ಹೊತ್ತು ನಿಲ್ಲಲಿಲ್ಲ. ಪ್ಲೇಟಿನಲ್ಲಿದ್ದದ್ದು ಜಮೀನುದಾರ ಮಹಾಲಿಂಗಪ್ಪನ ಹದಿಮೂರು ದಿನದ ಮೊಮ್ಮಗ. ಮಹಾಲಿಂಗಪ್ಪನೇ ರಾಘಣ್ಣನನ್ನು ಕರೆದುಕೊಂಡು ಬಂದು ಎದುರಿಗೆ ಕುಳಿತಿದ್ದ.

"ಮಾಟ ಮಾಡಸಾಕ ಒಯ್ದಾರ, ಫೌಜದಾರ್ರ. ಎಫ್‌ಐಆರ್ ಬರೀರಿ."

ಬರೆದದ್ದಾಯಿತು. ನಾಲ್ಕು ಗಂಟೆಗೆ ಪಂಚರ ಸಮಕ್ಷಮ ಸ್ಟುಡಿಯೋದ ಪಂಚನಾಮೆ. ಕ್ಯಾಮೆರಾ, ಗಡಿಯಾರ ಇದ್ದಲ್ಲೇ ಇದ್ದವು. ಕೂಸುಗಳ ಪ್ಲೇಟಿನ ಪೆಟ್ಟಿಗೆ ಮಾತ್ರ ತೆರೆದಿತ್ತು. ಉಳಿದ ನಾಲ್ಕನ್ನು ಕರಬಸಪ್ಪ ಬೆಳಕಿಗೆ ಹಿಡಿದ. ಕಪ್ಪೆಲ್ಲ ಬಿಳಿ, ಬಿಳಿಯೆಲ್ಲ ಕಪ್ಪು. ಎಲ್ಲ ಕೂಸಿಗೂ ಸ್ಟುಡಿಯೋದ ಅದೇ ಕುಂಚಿಗೆ, ಅದೇ ಕೌದಿ, ಕೆನ್ನೆಯ ಮೇಲೆ ಅದೇ ದೃಷ್ಟಿಬೊಟ್ಟು. ಹೆತ್ತವರಿಗೂ ಗುರುತು ಹತ್ತುವಂತಿರಲಿಲ್ಲ.

"ಪ್ಲೇಟ ಕೇಳಾಕ ಯಾರರ ಬಂದಿದ್ರೇನ್ರಿ?"

"ಶುಕ್ರವಾರ ಮಂಜವ್ವ ಬಂದಿದ್ಲರಿ, ಕಂಬಳಿ ನೇಯೂ ಮಾಳಪ್ಪನ ಹೇಣ್ತಿ. ಆಕಿ ಕೂಸು ತೀರಿಹೋತು. ಫೋಟೋ ತಗಸಿದ್ದಕ್ಕ ಆಯುಷ್ಯ ಕಡಿಮಿ ಆತಂತ ಅತ್ತಿ ಫೋಟೋನ ಬ್ಯಾಡಂದ್ಲು. ಯುದ್ಧದಾಗ ಹೊಸಾ ಪ್ಲೇಟ ಸಿಗೂದಿಲ್ಲವ್ವ, ತೊಳದು ಬಳಸ್ತೇನಿ ಅಂದೆ."

"ಆಕೀದು ಎಲ್ಲೈತಿ?"

ರಾಘಣ್ಣ ತಲೆ ತಗ್ಗಿಸಿದ. "ಶನಿವಾರನ ತೊಳದ್ನಿರಿ."

ಕರಬಸಪ್ಪ ಪೆಟ್ಟಿಗೆ ಮುಚ್ಚಿದ. ಇನ್ನು ತನಿಖೆ ಮಾಡುವುದೇನೂ ಉಳಿದಿರಲಿಲ್ಲ. ಹೋಗಿ ಹಿಡಿದು ತರುವುದಷ್ಟೇ.

ಐದೂವರೆಗೆ ಕರಬಸಪ್ಪನ ಜೊತೆ ಬಂದ ಹವಾಲ್ದಾರ ಉಸ್ಮಾನಸಾಬ ಮಾಳಪ್ಪನ ಬಾಗಿಲು ಬಡಿದ. ಮಂಜವ್ವ ಸುಳ್ಳು ಹೇಳಲಿಲ್ಲ. ಕಂಬಳಿಯ ಮಡಿಕೆಯಿಂದ ಪ್ಲೇಟು ತೆಗೆದು ಸೆರಗಿನಿಂದ ಒರೆಸಿದಳು.

"ಕದ್ದೇನ್ರಿ. ನನ್ನ ಮಗನ ಮಾರಿ ತೊಳದು ಚೆಲ್ಲತೇನಂದ್ರ ಹೆಂಗ ಬಿಡ್ಲಿ? ನೋಡ್ರಿ, ಈ ಬೊಟ್ಟು ನಾನ ಇಟ್ಟದ್ದು. ಮೂರು ಮಂದಿ ಕೂಸಿನ ಪ್ಲೇಟ ನೋಡಿ ಬಿಟ್ಟು, ನಾಕನೇದು ಇದನ್ನ ತಗೊಂಡೆ."

ನಾಲ್ಕು ಮಕ್ಕಳ ತಂದೆ ಉಸ್ಮಾನಸಾಬ ಬೀದಿಯ ಕಡೆ ಮುಖ ತಿರುಗಿಸಿದ. ಕರಬಸಪ್ಪ ಪ್ಲೇಟು ಕೈಗೆ ತೆಗೆದುಕೊಂಡ. ಇದು ಮಹಾಲಿಂಗಪ್ಪನ ಮೊಮ್ಮಗ ಎಂದು ಹೇಳಿದರೆ ಈಕೆಯ ಕೂಸು ಎರಡನೇ ಸಲ ಸಾಯುತ್ತದೆ.

ಠಾಣೆಯಲ್ಲಿ ಮಂಜವ್ವನನ್ನು ಹೊರಗೆ ಕೂರಿಸಿ ಮಹಾಲಿಂಗಪ್ಪನ ಎದುರು ಬೇಡಿಕೊಂಡು ನೋಡಿದ. "ಪ್ಲೇಟ ಒಡದಿಲ್ರಿ. ಹೆತ್ತ ಕರುಳು. ಬಿಟ್ಟು ಬಿಡ್ರಿ."

"ಸತ್ತ ಕೂಸಿನ ನೆರಳು ನಮ್ಮ ಕೂಸಿನ ಮ್ಯಾಲ ಬಿತ್ತಲ್ರಿ. ಬಿಡೂದಿಲ್ಲ. ಧಾರವಾಡಕ್ಕ ಸಾಹೇಬರಿಗೆ ಬರೀಲೇನು?"

ಏಳು ಗಂಟೆಗೆ ಮಂಜವ್ವನನ್ನು ದಸ್ತಗಿರಿ ಮಾಡಲಾಯಿತು. ಹೆಬ್ಬೆಟ್ಟು ಒತ್ತಿಸುವ ಮೊದಲು ಜಪ್ತಿ ಪಂಚನಾಮೆ ಓದಿ ಹೇಳಬೇಕು, ಅದು ಕಾಯಿದೆ. ಕರಬಸಪ್ಪ ಓದಿದ: "ಮುದ್ದೆಮಾಲು, ಗಾಜಿನ ಪ್ಲೇಟು ಒಂದು, ಅದರಲ್ಲಿ ಗಂಡು ಕೂಸಿನ ಚಿತ್ರ..." 'ಮಹಾಲಿಂಗಪ್ಪನವರ ಮೊಮ್ಮಗ' ಎಂದು ಮುಂದಿದ್ದ ಸಾಲನ್ನು ನುಂಗಿ ಮುಂದೆ ಹೋದ. ಹದಿನೆಂಟು ವರ್ಷದ ನೌಕರಿಯಲ್ಲಿ ಒಂದಕ್ಷರ ಬಿಟ್ಟವನಲ್ಲ.

ಮಂಜವ್ವ ಹೆಬ್ಬೆಟ್ಟು ಒತ್ತಿದಳು. "ಕೋರ್ಟಿನ್ಯಾಗ ಒಡೀದಂಗ ಹಿಡೀರಂತ ಹೇಳ್ರಿ. ಕೇಸ ಮುಗದ ಮ್ಯಾಲ ನಂಗ ಕೊಡತಾರಲ್ರಿ?"

"ನೋಡೂಣ, ತಂಗಿ."

ಡೈರಿಯಲ್ಲಿ ಅಪರಾಧದ ಕಾರಣ ಬರೆಯುವಲ್ಲಿ ಅವನು ಬರೆದ: ತೀರಿಹೋದ ಮಗನ ಮುಖ ನೋಡುವ ಆಸೆ. ಗುರುವಾರ ಕೋರ್ಟಿನಲ್ಲಿ ಪಂಚನಾಮೆ ಓದುವವನು ಗುಮಾಸ್ತ. ಅವನು ಯಾವ ಸಾಲನ್ನೂ ಬಿಡುವುದಿಲ್ಲ.