ಖಾಲಿ ಬಿಟ್ಟ ಮಂಗಳವಾರ

ಬೆಳಗ್ಗೆ ಒಂಬತ್ತಾದರೂ ಹೊಲಿಗೆ ಕಾರ್ಖಾನೆಯ ಮೂರನೇ ಸಾಲು ಸದ್ದಿಲ್ಲದೆ ಕೂತಿತ್ತು. ಯಂತ್ರಗಳ ಮುಂದೆ ಖಾಲಿ ಸ್ಟೂಲು. ಸೂಜಿಯ ಕೆಳಗೆ ಅರ್ಧ ಹೊಲಿದ ತೋಳು. ಒಂದೇ ವಾರದಲ್ಲಿ ಒಂಬತ್ತು ಜನಕ್ಕೆ ಫ್ಲೂ ಜ್ವರ. ಅವರಲ್ಲಿ ಎಂಟು ಜನ ಎರಡು ತಿಂಗಳ ಹಿಂದಷ್ಟೇ ಅದೇ ಫ್ಲೂಗೆ ಲಸಿಕೆ ಹಾಕಿಸಿಕೊಂಡವರು.

ಕಾರ್ಖಾನೆಯಲ್ಲಿ ಲಸಿಕೆ ಹಾಕಿದವಳು ನರ್ಸಮ್ಮ.

ಮ್ಯಾನೇಜರು ಅವಳ ಮುಂದೆ ಪುಸ್ತಕವೊಂದನ್ನು ಬಿಡಿಸಿ ಬೆರಳಿಟ್ಟರು. ಲಸಿಕೆ ಇಡುವ ಫ್ರಿಜ್ಜಿನ ಉಷ್ಣಾಂಶವನ್ನು ದಿನಕ್ಕೆರಡು ಸಲ ಬರೆಯುವ ಪುಸ್ತಕ. ಲಸಿಕೆ ಹಾಕುವ ಮೊದಲಿನ ಮಂಗಳವಾರ, ಸಂಜೆಯ ಜಾಗ ಖಾಲಿ.

"ಅವತ್ತು ಫ್ರಿಜ್ ಕೆಟ್ಟಿತ್ತು, ಲಸಿಕೆ ಹಾಳಾಗಿತ್ತು. ಮುಚ್ಚಿಟ್ರಿ. ಹೌದೋ, ಅಲ್ವೋ?"

"ಫ್ರಿಜ್ ಚೆನ್ನಾಗೇ ಇತ್ತು ಸಾರ್. ಬರೆಯೋಕೆ ಮರೆತೆ."

"ಸಂಜೆಯೊಳಗೆ ನಿಮ್ಮ ವಿಷಯ ತೀರ್ಮಾನ ಮಾಡ್ತೀನಿ."

ಕೆಲಸ ಹೋದರೆ ಹೋಗಲಿ. ಕೆಟ್ಟ ಲಸಿಕೆ ಚುಚ್ಚಿದವಳು ಎಂಬ ಹೆಸರು ಅಂಟಿಕೊಂಡರೆ ಯಾವ ಆಸ್ಪತ್ರೆ ಹತ್ತಿರ ಸೇರಿಸೀತು?

ಮಧ್ಯಾಹ್ನ ಆರೋಗ್ಯ ಇಲಾಖೆಯ ತನಿಖಾಧಿಕಾರಿ ಬಂದರು. ಯಾರ ಮಾತನ್ನೇ ಆಗಲಿ, ಒಂದು ನಿಮಿಷ ಕೇಳಿದರೆ ಸಾಕು, ಅದೇ ದನಿಯಲ್ಲಿ ಹಾಗೇ ಒಪ್ಪಿಸಿಬಿಡುವ ಮನುಷ್ಯ. ಇಲಾಖೆಯಲ್ಲಿ ಎಲ್ಲರ ಬಾಯಲ್ಲೂ ಗಿಳಿಸಾರ್. ಪುಸ್ತಕ ನೋಡಿದರು, ಲಸಿಕೆಯ ಪಟ್ಟಿ ನೋಡಿದರು. ಆಮೇಲೆ, ಜ್ವರ ಬಿಟ್ಟು ಅಂದೇ ಕೆಲಸಕ್ಕೆ ಮರಳಿದ್ದ ಇಸ್ತ್ರಿ ಮಾವನನ್ನು ಕರೆಸಿದರು.

"ಎಷ್ಟು ದಿನ ಮಲಗಿದ್ರಿ ಮಾವ?"

"ಎರಡೇ ದಿನ. ಮೂರನೇ ದಿನ ಹೆಂಡ್ತಿ ಪಾತ್ರೆ ತೊಳೆಸಿದ್ಲು."

"ನರ್ಸಮ್ಮ ಯಾವ ತೋಳಿಗೆ ಚುಚ್ಚಿದ್ರು?"

ಮಾವ ಮಫ್ಲರ್ ಸರಿಮಾಡಿಕೊಂಡ. "ಇವರೆಲ್ಲಿ ಚುಚ್ಚಿದ್ರು? ಸೂಜಿ ಕಂಡ್ರೆ ನನಗೆ ತಲೆ ತಿರುಗುತ್ತೆ. ಇಲ್ಲಿ ಬಿದ್ರೆ ಹುಡುಗೀರು ವರ್ಷಪೂರ್ತಿ ಆಡ್ಕೊಂಡು ನಗ್ತಾರೆ. ಮಗಳ ಆಫೀಸಲ್ಲಿ ಹಾಕಿಸ್ಕೊಂಡು ಇವರಿಗೆ ಚೀಟಿ ತಂದುಕೊಟ್ಟೆ."

ಹೊರಗೆ ಹಾಕಿಸಿಕೊಂಡವರ ಹೆಸರನ್ನೂ ಅದೇ ಪಟ್ಟಿಗೆ ಸೇರಿಸುವುದು ನರ್ಸಮ್ಮನ ರೂಢಿ. ಅದು ಅವಳಿಗೇ ಮರೆತುಹೋಗಿತ್ತು!

ಗಿಳಿಸಾರ್ ಬಾಗಿಲಾಚೆ ಹೋದರು. ಮರುಕ್ಷಣ ಅಲ್ಲಿಂದ ಮ್ಯಾನೇಜರ ಗುಡುಗು: "ನರ್ಸಮ್ಮಾ, ಪುಸ್ತಕ ತನ್ನಿ."

ಅವಳು ದಡಕ್ಕನೆ ಎದ್ದಳು. ಮ್ಯಾನೇಜರು ಎದುರಿಗೇ ಕೂತಿದ್ದರು, ಬಾಯಿ ಮುಚ್ಚಿಕೊಂಡು.

ಮತ್ತೆ ದನಿ. ಈ ಸಲ ಮೂಗು ಕಟ್ಟಿದ್ದು, ಎಳೆದೆಳೆದು ಆಡಿದ್ದು. "ಯಾರಪ್ಪಾ ಇದು?" ಎಂದು ತಡವರಿಸಿದವಳು ಕೊನೆಗೂ ಎದ್ದಳು. "ಇದೂ ಮ್ಯಾನೇಜರ್ ದನೀನೇ."

ಗಿಳಿಸಾರ್ ನಗುತ್ತ ಒಳಬಂದರು. "ನಿಮ್ಮ ಕಿವಿ ಮಾಡಿದ್ದನ್ನೇ ಈ ಜನರ ಮೈಯೂ ಮಾಡಿದೆ. ಲಸಿಕೆ ಮೈಗೆ ವೈರಸ್ಸಿನ ಚಹರೆ ಕಲಿಸುತ್ತೆ. ಆ ಚಹರೆ ಆರಿಸಿದ್ದು ತುಂಬ ತಿಂಗಳ ಹಿಂದೆ. ವೈರಸ್ಸು ತನ್ನ ನಕಲು ತಾನೇ ಮಾಡ್ಕೊಳ್ಳುತ್ತೆ. ನಕಲಲ್ಲಿ ತಪ್ಪೂ ಮಾಡುತ್ತೆ. ಕೆಲವು ತಪ್ಪು ಅದಕ್ಕೇ ಲಾಭ, ಮುಖ ಬದಲಾಗುತ್ತೆ. ಮೈಗೆ ಗುರುತು ಹಿಡಿಯೋದು ತಡವಾಯ್ತು, ಜ್ವರ ಬಂತು. ಆದ್ರೆ ಗುರುತು ಸಿಕ್ತಲ್ಲ? ಅದಕ್ಕೇ ಬೇಗ ಎದ್ರು."

"ಫ್ರಿಜ್ಜು?" ಮ್ಯಾನೇಜರು ಬಿಡಲಿಲ್ಲ.

"ಮಾವನ ಲಸಿಕೆ ನಿಮ್ಮ ಫ್ರಿಜ್ಜಿನ ಮುಖವನ್ನೇ ಕಂಡಿಲ್ಲ. ಆದರೂ ಅದೇ ಜ್ವರ, ಅದೇ ಎರಡು ದಿನ. ಒಂಬತ್ತು ಜನರಲ್ಲಿ ಆಸ್ಪತ್ರೆ ಸೇರಿದ್ದು ಲಸಿಕೆ ಬೇಡ ಅಂದಿದ್ದ, ಗುಂಡಿ ಹಾಕೋ ಗುಂಡಿಯಕ್ಕ ಒಬ್ಬರೇ; ಅವರೂ ನಾಳೆ ಮನೆಗೆ ಬರ್ತಾರೆ. ಅಷ್ಟರಿಂದಲೇ ನಾನು ತೀರ್ಪು ಕೊಡ್ತಿರಲಿಲ್ಲ." ಜೇಬಿನಿಂದ ಪ್ರಯೋಗಾಲಯದ ಕಾಗದ ತೆಗೆದರು. "ಮೊದಲು ಮಲಗಿದವರ ಮೂಗಿನ ಪರೀಕ್ಷೆ. ಲಸಿಕೆಯಲ್ಲಿದ್ದ ತಳಿಯೇ ಬೇರೆ, ಇಲ್ಲಿ ಸಿಕ್ಕಿದ ತಳಿಯೇ ಬೇರೆ. ಕಳ್ಳ ವೈರಸ್ಸೇ. ಮುಂದಿನ ವರ್ಷ ಲಸಿಕೆಯೂ ಹೊಸ ಚಹರೆ ಕಲಿತು ಬರುತ್ತೆ. ಮರೀದೆ ಹಾಕಿಸಿ."

ನರ್ಸಮ್ಮ ಪುಸ್ತಕ ಎಳೆದುಕೊಂಡು, ಖಾಲಿ ಜಾಗದ ಪಕ್ಕ 'ಅಂದು ಬರೆಯಲು ಮರೆತೆ' ಎಂದು ಬರೆದು, ಇವತ್ತಿನ ತಾರೀಖು ಹಾಕಿ ಸಹಿ ಮಾಡಿದಳು.

"ಮುಂದಿನ ಸಲ ನಿಮ್ಮ ಕೈಲೇ ಚುಚ್ಚಿಸ್ಕೋತೀನಿ," ಎಂದ ಮಾವ. "ಬಿದ್ರೆ ಹಿಡ್ಕೊಳ್ಳಿ."

"ನರ್ಸಮ್ಮಾ, ನಾಳೆ ಸ್ವಲ್ಪ ಬೇಗ ಬನ್ನಿ." ಮ್ಯಾನೇಜರ ದನಿ.

ಅವಳು ತಲೆ ಎತ್ತದೆ ನಕ್ಕಳು. "ಸಾಕು ಬಿಡಿ ಗಿಳಿಸಾರ್."

"ಅದು ನಾನಲ್ಲಮ್ಮ," ಎಂದರು ಗಿಳಿಸಾರ್.