ಬಾನೆಟ್ ಮೇಲಿನ ಗೀರು ಯಾರ ಕೈಯದು?

"ಅಯ್ಯೋ, ನಿಲ್ಲಿಸಿ! ಒಣಬಟ್ಟೇಲಿ ಒರೆಸ್ತೀರಲ್ಲ, ಕಪ್ಪು ಬಣ್ಣ ಕಣ್ರೀ ಅದು!"

ಅವಳು ಕೂಗಿದ ರಭಸಕ್ಕೆ ಹೊಸ ಡ್ರೈವರನ ಕೈಯಲ್ಲಿದ್ದ ಕರ್ಚೀಫು ಗಾಳಿಯಲ್ಲೇ ನಿಂತಿತು. ಡಾಕ್ಟರಮ್ಮನ ಕಾರು ತೊಳೆಸಲು ಅವನು ಅವಳ ಚಿಕ್ಕಪ್ಪನ ವಾಶಿಂಗ್ ಸೆಂಟರಿಗೆ ಬಂದ ಮೊದಲ ದಿನ ಅದು.

"ಧೂಳು ಒರೆಸ್ತಿದ್ದೆ, ಅಷ್ಟೇ..."

"ಧೂಳಲ್ಲಿ ಮರಳಿರುತ್ತೆ! ಒಣಗಿದ್ದಾಗ ಉಜ್ಜಿದ್ರೆ ಗೀರು ಗ್ಯಾರಂಟಿ. ಬಿಳಿ ಕಾರಾದ್ರೆ ಹೇಗೋ ಕಾಣಲ್ಲ. ಇದರಲ್ಲಿ ಒಂದೊಂದೂ ಎದ್ದು ಕಾಣುತ್ತೆ."

ಅವನು ನಕ್ಕುಬಿಟ್ಟ. ಅವಳಿಗೆ ಮೈಯೆಲ್ಲ ಉರಿಯಿತು. ಆದರೆ ಮುಂದಿನ ಶನಿವಾರ ಬೆಳಿಗ್ಗೆಯಿಂದಲೇ ಗೇಟಿನ ಕಡೆ ಕಣ್ಣು ನೆಟ್ಟು ಕೂತವಳೂ ಇವಳೇ! ಎಂಥಾ ಹುಡುಗಿ ನೋಡಿ.

ಹೀಗೇ ಮೂರು ತಿಂಗಳು ಕಳೆಯಿತು. ಅವಳು ತೊಳೆಯುವಳು, ಅವನು ಪಕ್ಕದಲ್ಲಿ ನಿಂತು ಹರಟುವನು. ಆಮೇಲೊಂದು ಶನಿವಾರ ಅವನು ತಲೆ ತಗ್ಗಿಸಿಕೊಂಡು ಬಂದ.

"ಇನ್ಮೇಲೆ ವಾರ ವಾರ ತೊಳೆಯೋದು ಬೇಡ ಅನ್ಸುತ್ತೆ..."

ಅವಳಿಗೆ ಚುರುಕ್ಕೆಂದಿತು. "ನನ್ನ ಕೆಲಸ ಹಿಡಿಸ್ಲಿಲ್ಲ ಅಂದ್ರೆ ನೇರವಾಗಿ ಹೇಳಿ!"

ಅವನು ಅವಳ ಬೆರಳುಗಳನ್ನೊಮ್ಮೆ ನೋಡಿದ. ಹೊರಟೇಬಿಟ್ಟ. ಎರಡು ಶನಿವಾರ ಕಾರಿನ ಸುಳಿವೇ ಇಲ್ಲ.

ಇವತ್ತು ಬೆಳಿಗ್ಗೆ ಡಾಕ್ಟರಮ್ಮನ ಫೋನ್ ಬಂತು. ಚಿಕ್ಕಪ್ಪನ ಮುಖ ಗಂಟಾಯಿತು.

"ಬಾನೆಟ್ ತುಂಬಾ ಗೀರಂತೆ. ನೀನೇ ಮಾಡಿರೋದು ಅಂತಾರೆ. ಮಧ್ಯಾಹ್ನ ಕಾರು ಬರುತ್ತೆ, ನೋಡೋಣ. ನಿನ್ನದೇ ತಪ್ಪಾದ್ರೆ ನಾಳೆಯಿಂದ ಆಫೀಸಲ್ಲಿ ಫೋನ್ ಎತ್ಕೊಂಡಿರು. ಕಾರು ಮುಟ್ಟೋದು ಬೇಡ."

ಕಾರು ತೊಳೆಯೋದು ಬಿಟ್ಟರೆ ತನಗೆ ಬೇರೇನು ಬರುತ್ತದೆ?

ಕೊನೇ ಸಲ ತೊಳೆದಾಗ ನಾನು ಕಾರನ್ನ ನೆರಳಲ್ಲೇ ನಿಲ್ಲಿಸಿದ್ದೆ ತಾನೇ? ಮೊದಲು ಬರೀ ನೀರು ಬಿಟ್ಟು ಮರಳು ಇಳಿಸಿದ್ದೆ. ಎರಡು ಬಕೆಟ್ ಇಟ್ಟಿದ್ದೆ... ಒಂದು ಶಾಂಪೂಗೆ, ಒಂದು ಸ್ಪಂಜು ಜಾಲಿಸೋಕೆ. ಒರೆಸೋ ಬಟ್ಟೆ? ಕೆಳಗೆ ಬಿದ್ದಿತ್ತಾ? ಬಿದ್ದಿದ್ದನ್ನೇ ಎತ್ತಿ ಒರೆಸಿಬಿಟ್ಟೆನಾ? ಅಯ್ಯೋ ದೇವರೇ, ನೆನಪೇ ಆಗ್ತಿಲ್ಲವಲ್ಲ!

ಅವನೇ ದೂರು ಕೊಟ್ಟಿರಬೇಕು ಎಂಬ ಯೋಚನೆಯಂತೂ ಗೀರಿಗಿಂತ ಹೆಚ್ಚು ಸುಟ್ಟಿತು.

ಕೊನೆಗೂ ಕಾರು ಬಂತು. ಅವಳು ಬಿಸಿಲಿನಲ್ಲಿ ಬಾಗಿ ಬಾನೆಟ್ ನೋಡಿದಳು.

ಸುತ್ತು ಸುತ್ತಾದ ಗೀರುಗಳು!

ಹೋದ ಉಸಿರು ಬಂದಂತಾಯಿತು. ಅವಳು ಎಂದೂ ಸುತ್ತಿ ಸುತ್ತಿ ಉಜ್ಜಿದವಳಲ್ಲ. ಅವಳ ಕೈ ಯಾವಾಗಲೂ ಮುಂದಿನಿಂದ ಹಿಂದಕ್ಕೆ, ನೇರವಾಗಿಯೇ ಓಡುತ್ತದೆ. ಇದು ಅವಳ ಕೈಯದಲ್ಲ!

ತಲೆ ಎತ್ತಿದಳು. ಡ್ರೈವರನ ಮುಖದಲ್ಲಿ ರಕ್ತವೇ ಇರಲಿಲ್ಲ. ಅವಳಿಗೆ ಅರ್ಥವಾಗಿಹೋಯಿತು. ಇವನೇ ಉಜ್ಜಿದ್ದಾನೆ! ನಾನು ಬಾಯಿಬಿಟ್ಟರೆ ಇವನ ಕೆಲಸ ಹೋಗುತ್ತದೆ...

"ಏನಮ್ಮ, ಯಾರದು ತಪ್ಪು?" ಚಿಕ್ಕಪ್ಪ ಕೇಳಿದರು.

"ನಂದೇ, ಚಿಕ್ಕಪ್ಪ."

"ಸುಳ್ಳು!" ಅವನು ಮುಂದೆ ಬಂದ. "ನಾನೇ ಮನೆ ಹತ್ರ ತೊಳೆದಿದ್ದು, ಸಾರ್. ಮೇಡಂ ಫೋನ್ ಮಾಡಿ ಇವರ ಮೇಲೆ ತಪ್ಪು ಹೊರಿಸಿದ್ದು ನಂಗೆ ಆಮೇಲೆ ಗೊತ್ತಾಯ್ತು. ಅವರಿಗೂ ನಿಜ ಹೇಳಿ ಬಂದೆ. ಗೀರು ಹೋದ್ರೆ ಮಾತ್ರ ಕೆಲಸಕ್ಕೆ ಬಾ ಅಂದ್ರು."

ಚಿಕ್ಕಪ್ಪ ಅವನನ್ನೊಮ್ಮೆ, ಅವಳನ್ನೊಮ್ಮೆ ನೋಡಿದರು. "ಪಾಲಿಶ್ ಹಾಕಿದ್ರೆ ಹೋಗುತ್ತೆ ಬಿಡಪ್ಪ. ಡಬ್ಬ ಎಲ್ಲಿಟ್ಟೆನೋ..." ಎಂದು ಗೊಣಗುತ್ತಾ ಒಳಗೆ ನಡೆದರು.

"ಯಾಕ್ರೀ ನೀವೇ ತೊಳೆದಿದ್ದು? ನನ್ನ ಮೇಲೆ ನಂಬಿಕೆ ಇರಲಿಲ್ವಾ?" ಅವಳ ದನಿ ಒಡೆಯಿತು.

"ಕೊನೇ ಸಲ ತೊಳೀವಾಗ ನಿಮ್ಮ ಬೆರಳು ಬಿರಿದು ರಕ್ತ ಬರ್ತಿತ್ತು. ನೀವು ಬಟ್ಟೆ ಸುತ್ಕೊಂಡು ನಗ್ತಾನೇ ತೊಳೀತಿದ್ರಿ... ನಾನು ತರೋ ಕಾರಿನ ನೀರಾದ್ರೂ ನಿಮ್ಮ ಕೈಗೆ ತಾಗದೇ ಇರಲಿ ಅಂತ ನಾನೇ ತೊಳೆದೆ."

ಅವಳ ಕಣ್ಣು ತುಂಬಿತು. ಇಷ್ಟು ದಿನ ಇವನನ್ನು ಏನೆಂದುಕೊಂಡೆ!

"ಗ್ಲೌಸ್ ತಂದ್ಕೊಟ್ಟಿದ್ರೆ ಸಾಕಿತ್ತಲ್ಲ, ಪೆದ್ದು!"

"ತಂದಿದ್ದೆ. ಕೊಡೋಕೆ ಧೈರ್ಯ ಬರ್ಲಿಲ್ಲ. ಕೊಡುವಾಗ ಕೈ ಹಿಡ್ಕೊಂಡುಬಿಡ್ತೀನೇನೋ ಅಂತ..."

ಅವಳು ಬಿರಿದ ಬೆರಳುಗಳ ಕೈಯನ್ನು ಮೆಲ್ಲಗೆ ಮುಂದೆ ಚಾಚಿದಳು. ಅವನು ಹಿಡಿದುಕೊಂಡ.

"ನೋಯುತ್ತಾ?"

"ಹ್ಞೂಂ, ನೋಯುತ್ತೆ... ಆದ್ರೆ ಕೈ ಬಿಟ್ರೆ ನೋಡಿ ಮತ್ತೆ!"