ಶೈಲಶ್ರೀ ಆರಿಸಿದ ಕೆಂಪು ಗಾಗಲ್

"ಕೆಂಪು!" ಎಂದಳು ಶೈಲಶ್ರೀ.

"ಪಕ್ಕಾ?" ಎಂದರು ಮುರುಗೆಪ್ಪ ಕಾಕಾ.

"ಪಕ್ಕಾ ಕಾಕಾ. ಫೋರ್ ಪಾಯಿಂಟ್ ಸಿಕ್ಸ್ ಸ್ಟಾರ್ ಅದಾವ. ಎರಡು ಸಾವಿರ ಮಂದಿ ಛಲೋ ಅದ ಅಂತ ಬರದಾರ. ಮತ್ತ ನೋಡ್ರಿಲ್ಲೆ, ಎಷ್ಟು ಸ್ಟೈಲ್ ಅದ!"

ಕಾಕಾ ಮೊಬೈಲನ್ನು ದೂರ ಹಿಡಿದು ನೋಡಿದರು, ಹತ್ತಿರ ಹಿಡಿದು ನೋಡಿದರು. ಅವರಿಗೆ ಇಂಗ್ಲಿಷ್ ಓದಲು ಬರುವುದಿಲ್ಲ. ಬರುವುದಿಲ್ಲ ಎಂದು ಹೇಳಲಂತೂ ಮೊದಲೇ ಬರುವುದಿಲ್ಲ. ಹಾಗಾಗಿ ಗಂಭೀರವಾಗಿ ತಲೆಯಾಡಿಸಿ, "ನಾನೂ ಇದನ್ನ ಅನ್ಕೊಂಡಿದ್ದೆ" ಎಂದು ಬಟನ್ ಒತ್ತಿಬಿಟ್ಟರು.

ಮರಾಠಿ ಮಂದಿಯ ಸದಾಶಿವ ಪೇಠದಲ್ಲಿ ಕಾಕಾನ ಪಾತ್ರೆ ಅಂಗಡಿ. ಮದುವೆ, ಮುಂಜಿ, ವಾಸ್ತುಶಾಂತಿಗೆ ಉಡುಗೊರೆ ಕೊಡುವವರೆಲ್ಲ ಅಲ್ಲಿಗೇ ಬರುತ್ತಾರೆ. ಸ್ಟೀಲ್ ಡಬ್ಬಿ ಕೊಟ್ಟರಷ್ಟೇ ಸಾಲದು, ಕೊಟ್ಟವರ ಹೆಸರು ಅದರ ಮೇಲೆ ಇರಲೇಬೇಕು. ಇಲ್ಲದಿದ್ದರೆ ಇಷ್ಟು ಸಣ್ಣ ಡಬ್ಬಿ ಕೊಟ್ಟವರು ಯಾರು ಅಂತ ಊರಿಗೆ ಗೊತ್ತಾಗುವುದು ಹೇಗೆ?

ಆ ಹೆಸರು ಕೆತ್ತುವವನು ಶೈಲಶ್ರೀಯ ಅಪ್ಪ ಅಂಬಣ್ಣ. ಕಾಕಾ ಅವನಿಗೆ ದೂರದ ಸಂಬಂಧದಲ್ಲಿ ಅಣ್ಣ. ಹದಿನೈದು ವರ್ಷ ಕರೆಂಟಿನ ಪೆನ್ನು ಹಿಡಿದು ಟರ್ರ್ ಟರ್ರ್ ಎಂದು ಕೈಯಲ್ಲೇ ಕೆತ್ತಿದ್ದ ಅಪ್ಪನಿಗೆ ಈಗ ಲೇಸರ್ ಮಷೀನ್ ಬಂದಿದೆ. ಕಂಪ್ಯೂಟರಿನಲ್ಲಿ ಹೆಸರು ಹಾಕಿದರೆ ಸಾಕು, ಕಣ್ಣಿಗೆ ಕಾಣದ ಬೆಳಕೊಂದು ಪಾತ್ರೆಯ ಮೇಲೆ ಚಕಚಕ ಬರೆದು ಮುಗಿಸುತ್ತದೆ. ಮಷೀನ್ ಕೂರಿಸಲು ಬಂದವನು, "ಸರಿಯಾದ ಗಾಗಲ್ ಇಲ್ಲದೆ ಶುರು ಮಾಡಬೇಡಿ" ಎಂದು ಹೇಳಿ, ಚಹಾ ಕುಡಿದು ಹೋಗಿದ್ದ.

ಗಾಗಲ್ ಆರಿಸುವ ಕೆಲಸ ಶೈಲಶ್ರೀಗೆ ಬಂತು. ಬರಲೇಬೇಕಲ್ಲ! ಇಡೀ ಮನೆತನದಲ್ಲಿ ಇಂಗ್ಲಿಷ್ ಮೀಡಿಯಮ್ ಅವಳೊಬ್ಬಳೇ. ಲೈಟ್ ಬಿಲ್ಲು, ಬ್ಯಾಂಕಿನ ಮೆಸೇಜು, ಔಷಧದ ಚೀಟಿ, ಎಲ್ಲ ಆರನೇ ಇಯತ್ತೆಯ ಈ ಪಂಡಿತೆಯ ಮುಂದೆ ಬಂದು ನಿಲ್ಲುತ್ತವೆ. ಅದರಲ್ಲಿ ಅರ್ಧಕ್ಕರ್ಧ ಅವಳಿಗೂ ತಿಳಿಯುವುದಿಲ್ಲ. ಆದರೆ ಪಂಡಿತರು ಎಲ್ಲಾದರೂ ಹಾಗೆ ಹೇಳಿಕೊಳ್ಳುತ್ತಾರೆಯೇ?

ಮೂರನೇ ದಿನ ಕೆಂಪು ಗಾಗಲ್ ಬಂತು. ಕಾಕಾ ಅದಕ್ಕೆ ಅರಿಶಿನ ಕುಂಕುಮ ಹಚ್ಚಿ, ಊದಿನಕಡ್ಡಿ ಬೆಳಗಿ, ತಾವೇ ಹಾಕಿಕೊಂಡು ಫೋಟೊ ತೆಗೆಸಿ ಸ್ಟೇಟಸ್ ಇಟ್ಟರು. "ನಮ್ಮ ಶೈಲಾ ಸೆಲೆಕ್ಟ್ ಮಾಡಿದ್ದು" ಎಂದು ಎಡಗಡೆಯ ಸ್ಟೇಶನರಿ ಅಂಗಡಿಗೂ ಬಲಗಡೆಯ ಸೀರೆ ಅಂಗಡಿಗೂ ಹೋಗಿ ಹೇಳಿ ಬಂದರು. ಆಮೇಲೆ ಗಾಗಲ್ ಅಪ್ಪನ ಮೂಗಿಗೆ ಬಂತು. ಜೊತೆಗೆ ಅಂಗಡಿಯ ಮುಂದೆ ಮರಾಠಿಯಲ್ಲಿ ಒಂದು ಬೋರ್ಡೂ ಬಂತು: 'ಲೇಸರ್ ನೋಡಬೇಡಿ. ನೋಡಿದರೆ ನಿಮ್ಮ ಕಣ್ಣು, ನಿಮ್ಮ ಜವಾಬ್ದಾರಿ.'

ಶೈಲಶ್ರೀ ನಾಲ್ಕು ದಿನ ನೆಲದ ಮೇಲೆ ನಡೆಯಲಿಲ್ಲ.

ಐದನೇ ದಿನ ಕ್ಲಾಸಿನಲ್ಲಿ ಮಿಥುನ ಎಡವಟ್ಟು ಮಾಡಿದ. ಜಾತ್ರೆಯಲ್ಲಿ ಕೊಂಡ ಹಸಿರು ಲೇಸರ್ ಪೆನ್ನು ತಂದು, ಸೈನ್ಸ್ ಮ್ಯಾಡಮ್ ಬೋರ್ಡಿನ ಮೇಲೆ ಬರೆಯುತ್ತಿದ್ದಾಗ ಅವರ ಜಡೆಯ ಮೇಲೆ ಹಸಿರು ಚುಕ್ಕಿ ಕುಣಿಸಿದ. ಮ್ಯಾಡಮ್ ಪೆನ್ನು ಕಿತ್ತುಕೊಂಡರು. ಬೈಗುಳ ಮುಗಿದ ಮೇಲೆ ಪಾಠ ಶುರುವಾಯಿತು.

"ಲೇಸರ್ ಆಟದ ಸಾಮಾನಲ್ಲ. ಕಣ್ಣೊಳಗೆ ಬಿದ್ದರೆ ಕಣ್ಣಿನ ಹಿಂಭಾಗವನ್ನೇ ಸುಡುತ್ತದೆ. ಕಾರ್ಖಾನೆಯಲ್ಲಿ ಕಾಣದ ಲೇಸರ್ ಇರುತ್ತವಲ್ಲ, ಅವು ಇನ್ನೂ ಮೋಸ. ಬೆಳಕು ಕಾಣುವುದಿಲ್ಲವಾದ್ದರಿಂದ ಕಣ್ಣು ಮುಚ್ಚಬೇಕು ಅಂತಲೂ ತೋಚುವುದಿಲ್ಲ. ಎಷ್ಟೋ ಸಲ ನೋವೂ ಆಗುವುದಿಲ್ಲ. ಆಮೇಲೆ ನೋಡಿದರೆ ನೋಟದ ನಟ್ಟನಡುವೆ ಒಂದು ಕಪ್ಪು ತೂತು!"

ಶೈಲಶ್ರೀಯ ಕೈ ತಾನಾಗಿ ಮೇಲೆದ್ದಿತು. "ಮ್ಯಾಡಮ್, ನಮ್ಮ ಅಂಗಡೀಲಿ ಲೇಸರ್ ಮಷೀನ್ ಇದೆ. ಅದರ ಗಾಗಲ್ ನಾನೇ ಸೆಲೆಕ್ಟ್ ಮಾಡಿದ್ದು!"

"ಶಹಬ್ಬಾಸ್! ಯಾವುದು ತೆಗೆದುಕೊಂಡೆ?"

"ಕೆಂಪು, ಮ್ಯಾಡಮ್."

"ಕೆಂಪು ಇರಲಿ ಮಗು. ನಂಬರ್ ಎಷ್ಟು?"

"ಫೋರ್ ಪಾಯಿಂಟ್ ಸಿಕ್ಸ್..." ಎಂದಳು ಸಣ್ಣಗೆ.

"ಅದು ಸ್ಟಾರ್!" ಎಂದು ಮಿಥುನ ಕೂಗಿದ. ಈಗಷ್ಟೇ ಬೈಸಿಕೊಂಡವನಿಗೆ ಜೊತೆಗೊಬ್ಬಳು ಸಿಕ್ಕ ಖುಷಿ. ಇಡೀ ಕ್ಲಾಸು ಗೊಳ್ಳೆಂದಿತು.

ಮ್ಯಾಡಮ್ ಮಾತ್ರ ನಗಲಿಲ್ಲ. "ಸ್ವಾರಗೇಟಿಗೆ ಹೋಗುವವರು ಬಸ್ಸಿನ ಬಣ್ಣ ನೋಡಿ ಹತ್ತುತ್ತಾರೇನು? ನಂಬರ್ ನೋಡುತ್ತಾರೆ ತಾನೆ? ಒಂದೊಂದು ಲೇಸರಿಗೂ ಒಂದೊಂದು ನಂಬರ್ ಇರುತ್ತದೆ. ಅದು ಮಷೀನಿನ ಮೇಲೆ ಬರೆದಿರುತ್ತದೆ. ಅದೇ ನಂಬರನ್ನು ತಡೆಯುತ್ತೇನೆ ಅಂತ ಗಾಗಲ್ ಮೇಲೂ ಬರೆದಿರಬೇಕು. ಎಷ್ಟು ಗಟ್ಟಿಯಾಗಿ ತಡೆಯುತ್ತದೆ ಅನ್ನುವುದಕ್ಕೆ 'ಓ.ಡಿ.' ಅಂತ ಇನ್ನೊಂದು ಅಂಕಿ. ನಂಬರ್ ಕೂಡಲಿಲ್ಲವೋ, ಆ ಗಾಗಲ್ ಹಾಕಿದರೂ ಒಂದೇ, ಬಿಟ್ಟರೂ ಒಂದೇ."

ಶಾಲೆ ಬಿಟ್ಟಿದ್ದೇ ತಡ, ಶೈಲಶ್ರೀ ಅಂಗಡಿಗೆ ಓಡಿದಳು. ಮಧ್ಯಾಹ್ನ ಒಂದರಿಂದ ನಾಲ್ಕು ಅಂಗಡಿ ಬಂದ್. ಆ ಪೇಠದಲ್ಲಿ ಆ ಹೊತ್ತಿಗೆ ದೇವರೇ ಗಿರಾಕಿಯಾಗಿ ಬಂದರೂ ಶಟರ್ ಮೇಲೇಳುವುದಿಲ್ಲ. ಹಿಂದಿನ ಬಾಗಿಲಿನಿಂದ ಒಳಗೆ ಹೋದಳು. ಅಪ್ಪ ಒಳಗೋಣೆಯಲ್ಲಿ ಚಾಪೆ ಹಾಸಿ ಮಲಗಿದ್ದ.

ಮಷೀನಿನ ಪಕ್ಕಕ್ಕೆ ಹಳದಿ ಚೀಟಿ ಅಂಟಿಸಿತ್ತು. ಅದರ ಮೇಲೆ ಇದ್ದದ್ದು 1064. ಗಾಗಲ್ ಎತ್ತಿ ತಿರುಗಿಸಿದಳು. ಗಾಜಿನ ಮೂಲೆಯಲ್ಲಿ ಕುಂಕುಮ ಮೆತ್ತಿಕೊಂಡಿತ್ತು. ಉಗುರಿನಿಂದ ಕೆರೆದಳು. ಪೂಜೆ ಮಾಡುವಾಗ ಕಾಕಾ ಸರಿಯಾಗಿ ನಂಬರಿನ ನೆತ್ತಿಗೇ ಹಚ್ಚಿದ್ದರು! ಕುಂಕುಮದಡಿಯಲ್ಲಿ ಇದ್ದದ್ದು 190–540.

ನೂರಾ ತೊಂಬತ್ತರಿಂದ ಐನೂರಾ ನಲವತ್ತು. ಸಾವಿರದ ಅರವತ್ತನಾಲ್ಕು ಅದರಲ್ಲಿ ಎಲ್ಲಿ ಬರುತ್ತದೆ? ಇದನ್ನು ಒಂದನೇ ಇಯತ್ತೆಯ ಮಗುವೂ ಹೇಳೀತು. ಶೈಲಶ್ರೀ ಗಾಗಲನ್ನು ಇದ್ದಲ್ಲೇ ಇಟ್ಟಳು.

ನಾಲ್ಕಕ್ಕೆ ಶಟರ್ ಎದ್ದಿತು. "ಕಾಕಾ, ಬ್ಯಾರೆ ಗಾಗಲ್ ತರಸೋಣೇನ್ರಿ?" ಎಂದಳು, ಏನೂ ಆಗದವಳ ಹಾಗೆ.

"ಯಾಕವಾ? ಇದಕ್ಕೇನ್ ಧಾಡಿ ಆಗೇದ?"

"ಇದು ಈ ಲೇಸರ್‌ಗೆ ಆಗೂದಿಲ್ಲಂತ..."

"ಯಾರು ಅಂದಾರ? ನಾ ಹಾಕ್ಕೊಂಡು ನೋಡೀನಿ. ಎಲ್ಲಾ ಕೆಂಪಗ ಕಾಣ್ತದ. ಲೇಸರ್ ಅಂತೂ ಕಾಣೂದs ಇಲ್ಲ. ಕಾಣದ್ದು ಕಣ್ಣಿಗೆ ಹೆಂಗ ಚುಚ್ತದ?" ಕಾಕಾ ತಮ್ಮ ಜಾಣತನಕ್ಕೆ ತಾವೇ ನಕ್ಕರು. "ಮತ್ತ ನೀನs ಆರಿಸಿದ್ದಲ್ಲ! ಎರಡು ಸಾವಿರ ಮಂದಿ ಸುಳ್ಳು ಹೇಳ್ತಾರೇನು?"

ಆಗಲೇ ಹೇಳಿಬಿಡಬಹುದಿತ್ತು. 'ನಾ ನಂಬರ್ ನೋಡಲಿಲ್ಲ' ಅಂದಿದ್ದರೆ ಮುಗಿಯುತ್ತಿತ್ತು. ಆದರೆ ಎಡಗಡೆಯ ಸ್ಟೇಶನರಿ ಅಂಗಡಿ, ಬಲಗಡೆಯ ಸೀರೆ ಅಂಗಡಿ ಕಣ್ಮುಂದೆ ಬಂದವು. ಮಿಥುನನ ನಗುವೂ ಬಂತು. ಪಂಡಿತೆ ಪುಸ್ತಕದ ದಪ್ತರ ಹೆಗಲಿಗೇರಿಸಿ ಮನೆಗೆ ಹೊರಟಳು.

ಆ ದಿನ ಊಟಕ್ಕೆ ಕೂತಾಗ ಅಪ್ಪ ಎರಡು ಸಲ ಕಣ್ಣು ಉಜ್ಜಿಕೊಂಡ. ಅವ್ವ, "ಆ ಮಷೀನ್ ಬಂದಾಗಿಂದ ಕಣ್ಣು ಉಜ್ಜೂದs ನಡದದ" ಎಂದಳು.

"ಕಂಪ್ಯೂಟರ್ ನೋಡಿ ನೋಡಿ ಹಂಗಾಗ್ತದ" ಎಂದ ಅಪ್ಪ.

ಶೈಲಶ್ರೀ ಮುರಿದ ರೊಟ್ಟಿಯನ್ನು ತಾಟಿನಲ್ಲೇ ಇಟ್ಟಳು. ಅಪ್ಪನ ನೋಟದಲ್ಲಿ ತೂತು ಬಿದ್ದಿದ್ದರೆ? ಆದರೆ ಹೇಳುವ ಧೈರ್ಯ ಬರಲಿಲ್ಲ, ಬಂದದ್ದು ಉಪಾಯ. ಮರುದಿನ ಶಾಲೆಗೆ ಹೋಗುವಾಗ ಅಂಗಡಿಗೆ ಹೊಕ್ಕು, ಯಾರಿಗೂ ಕಾಣದ ಹಾಗೆ ಕೆಂಪು ಗಾಗಲನ್ನು ದಪ್ತರದಲ್ಲಿ ಹಾಕಿಕೊಂಡಳು. ಗಾಗಲ್ ಇಲ್ಲದಿದ್ದರೆ ಮಷೀನ್ ಶುರುವಾಗುವುದಿಲ್ಲ. ಶುರುವಾಗದಿದ್ದರೆ ಹೊಸದು ತರಿಸಲೇಬೇಕು. ಯಾರ ಮರ್ಯಾದೆಯೂ ಹೋಗುವುದಿಲ್ಲ. ಆಹಾ, ಎಂಥ ತಲೆ!

ಸಂಜೆ ಅಂಗಡಿಗೆ ಬಂದು ನೋಡಿದರೆ ಮಷೀನ್ ಝೂಂಯ್ ಎನ್ನುತ್ತಿತ್ತು. ಅಪ್ಪ ಅದರ ಮುಂದೆ ಕೂತಿದ್ದ. ಅವನ ಕಣ್ಣಿನ ಮೇಲೆ ಕಾಕಾ ಸ್ಕೂಟರ್ ಓಡಿಸುವಾಗ ಹಾಕಿಕೊಳ್ಳುವ ಕರೀ ಗಾಗಲ್! ಒಂದು ಗಾಜಿನ ಮೇಲೆ ಗೀರು ಬೇರೆ. ಥಳಥಳ ಹೊಳೆಯುವ ಡಬ್ಬಿಗಳು ಅವನ ಸುತ್ತ ಕನ್ನಡಿಗಳ ಹಾಗೆ ನಿಂತಿದ್ದವು.

"ಕೆಂಪು ಗಾಗಲ್ ಎಲ್ಲೋ ಕಳದದ" ಎಂದು ಕಾಕಾ ಗಿರಾಕಿಗೆ ಹೇಳುತ್ತಿದ್ದರು. "ಆದ್ರ ಕೆಲಸ ನಿಲ್ಲಂಗಿಲ್ಲ ನೋಡ್ರಿ. ಕರೀದು ಇನ್ನೂ ಗಟ್ಟಿ!"

ಗಿರಾಕಿ ಎಂದರೆ ಸಾವಿತ್ರಿಬಾಯಿ. ಅದೇ ಗಲ್ಲಿಯ ವಾಡೆಯಲ್ಲಿರುವ ಅಜ್ಜಿ. ಮೊಮ್ಮಗಳ ಮದುವೆಗೆ ಅರವತ್ತೊಂದು ಡಬ್ಬಿ ಹೇಳಿದ್ದರು. ಬೆನ್ನು ಬಾಗಿದ್ದರೂ ಅವರ ನಾಲಗೆ ನೆಟ್ಟಗಿತ್ತು.

"ಅಪ್ಪಾ, ಬಂದ್ ಮಾಡು!" ಶೈಲಶ್ರೀ ಬಾಗಿಲಲ್ಲೇ ಕಿರುಚಿದಳು. "ಬಂದ್ ಮಾಡು ಅಪ್ಪಾ! ಆ ಕೆಂಪು ಗಾಗಲ್ ನಾನs ಬಚ್ಚಿಟ್ಟೀನಿ. ಅದು ತಪ್ಪು ಅದ. ಮಷೀನ್ ನಂಬರ್ ಬ್ಯಾರೆ, ಗಾಗಲ್ ನಂಬರ್ ಬ್ಯಾರೆ. ನಾ ನಂಬರ್ ನೋಡಲೇ ಇಲ್ಲ. ಬಣ್ಣ ಛಲೋ ಅದ ಅಂತ ಆರಿಸಿಬಿಟ್ಟೆ. ಮತ್ತ ಈ ಕರೀದಕ್ಕ ನಂಬರs ಇಲ್ಲ!" ಅಷ್ಟು ಹೇಳುವಷ್ಟರಲ್ಲಿ ಅಳು ಬಂದುಬಿಟ್ಟಿತು.

ಅಪ್ಪ ಸ್ವಿಚ್ ಆರಿಸಿದ. ಝೂಂಯ್ ನಿಂತಿತು.

"ಏನ್ ಅಂಬಣ್ಣ, ಹುಡುಗಿ ಮಾತು ಕೇಳಿ ಮಷೀನ್ ಬಂದ್ ಮಾಡ್ತಿಯೇನು?" ಎಂದರು ಕಾಕಾ.

"ಹುಡುಗಿ ಮಾತು ಕೇಳಿನs ಅಲ್ಲೇನ್ರಿ ಅಣ್ಣಾ, ಚಾಲೂ ಮಾಡಿದ್ದು?" ಎಂದ ಅಪ್ಪ. ದನಿ ಏರಿಸಿ ಮಾತಾಡಿದವನೇ ಅಲ್ಲ ಅವನು. ಈಗಲೂ ಏರಿಸಲಿಲ್ಲ.

ಕಾಕಾನ ಮುಖ ಹುಳ್ಳಗಾಯಿತು. "ಅರವತ್ತೊಂದು ಡಬ್ಬಿ ಇವತ್ತs ಕೊಡಬೇಕು..." ಎಂದು ಸಾವಿತ್ರಿಬಾಯಿಯ ಕಡೆ ನೋಡಿದರು.

ಸಾವಿತ್ರಿಬಾಯಿ ಅಂಗಡಿಯ ಮುಂದಿನ 'ಲೇಸರ್ ನೋಡಬೇಡಿ' ಬೋರ್ಡನ್ನು ನೋಡುತ್ತಿದ್ದರು. ಆಮೇಲೆ ಮರಾಠಿಯಲ್ಲಿ ನಿಧಾನಕ್ಕೆ ಹೇಳಿದರು: "ಮುರುಗೆಪ್ಪಾ, ನೋಡುವವರ ಕಣ್ಣಿಗೆ ಬೋರ್ಡ್ ಹಾಕಿದ್ದೀಯ. ಮಾಡುವವನ ಕಣ್ಣಿನ ಬೋರ್ಡ್ ಎಲ್ಲಿ, ಒಳಗಿದೆಯಾ? ಮದುವೆ ಮುಂದಿನ ವಾರ. ನನ್ನ ಡಬ್ಬಿಗೆ ಏನೂ ಅವಸರ ಇಲ್ಲ. ಮೊದಲು ಇವನನ್ನು ಕಣ್ಣಿನ ಡಾಕ್ಟರಿಗೆ ತೋರಿಸು."

ಪೇಠದ ಅಜ್ಜಿಯರಿಗೆ ಎದುರು ಮಾತಾಡಿ ಅಲ್ಲಿ ಅಂಗಡಿ ನಡೆಸಿದವರು ಯಾರೂ ಇಲ್ಲ. ಕಾಕಾ ತಾವೇ ಸ್ಕೂಟರ್ ಹೊರಗೆ ತೆಗೆದರು.

ಡಾಕ್ಟರು ಕಣ್ಣಿಗೆ ಹನಿ ಹಾಕಿ, ದೀಪ ಹಿಡಿದು, ಬಹಳ ಹೊತ್ತು ನೋಡಿದರು. ಏನೂ ಆಗಿಲ್ಲ, ನಿಮ್ಮ ನಸೀಬು ಛಲೋ ಇದೆ ಎಂದರಂತೆ. ಇದನ್ನು ಕೇಳಿದಾಗ ಶೈಲಶ್ರೀ ಮತ್ತೊಂದು ಸಲ ಅತ್ತಳು.

ಮರುದಿನ ಮಷೀನ್ ಬಂದ್ ಇತ್ತು. ಅಪ್ಪ ಸಾವಿತ್ರಿಬಾಯಿಯ ಹೆಸರಿನ ಚೀಟಿ ಹಿಡಿದು ಕೂತಿದ್ದ. ಕೆತ್ತುವ ಮೊದಲು ಚೀಟಿಯನ್ನು ಮೂರು ಸಲ ಓದುವುದು ಅವನ ಪದ್ಧತಿ. ಮೊದಲು ಎಡದಿಂದ ಬಲಕ್ಕೆ, ಆಮೇಲೆ ಬಲದಿಂದ ಎಡಕ್ಕೆ, ಕಡೆಗೆ ಒಂದೊಂದೇ ಅಕ್ಷರದ ಮೇಲೆ ಬೆರಳಿಟ್ಟು. ಸ್ಟೀಲಿನ ಮೇಲೆ ಬಿದ್ದ ತಪ್ಪನ್ನು ರಬ್ಬರಿನಿಂದ ಒರೆಸಲಾಗುವುದಿಲ್ಲವಲ್ಲ.

ಶೈಲಶ್ರೀ ದಪ್ತರದಿಂದ ಕೆಂಪು ಗಾಗಲ್ ತೆಗೆದು ಅವನ ಮುಂದೆ ಇಟ್ಟಳು. "ಅಪ್ಪಾ, ಇಲ್ಲೇನು ಬರದದ?"

"ನೂರಾ ತೊಂಬತ್ತು, ಐನೂರಾ ನಾಲ್ವತ್ತು" ಎಂದ ಅಪ್ಪ, ತಟ್ಟನೆ.

"ಮಷೀನ್ ಮ್ಯಾಲೆ?"

"ಸಾವಿರದ ಅರವತ್ನಾಕು."

ಶೈಲಶ್ರೀ ಬೆರಗಾದಳು. "ನಿನಗ ಈ ನಂಬರ್ ಓದಾಕ ಬರ್ತದ! ಮತ್ತ ಮೊದಲs ಯಾಕ ನೋಡ್ಲಿಲ್ಲ?"

"ನೀ ಆರಿಸಿದ್ದಿ ಅಲ್ಲ, ಯವ್ವಾ" ಎಂದು ಅಪ್ಪ ಮತ್ತೆ ಚೀಟಿಗೆ ಬಗ್ಗಿದ. ಬೆರಳು ಮೊದಲ ಅಕ್ಷರದ ಮೇಲೆ ಕೂತಿತು. ಅವನಿಗೆ ಅದು ದೊಡ್ಡ ಮಾತೇನೂ ಆಗಿರಲಿಲ್ಲ.

ಯಾರೋ ಗಿರಾಕಿ ಬರೆದ ಚೀಟಿಗೆ ಮೂರು ಸಲ. ಅವಳು ಆರಿಸಿದ ಗಾಗಲಿಗೆ ಒಂದು ಸಲವೂ ಇಲ್ಲ. ಶೈಲಶ್ರೀ ಅವನ ಬೆರಳನ್ನೇ ನೋಡುತ್ತ ನಿಂತಳು. ಬೈದಿದ್ದರೆ ಎಷ್ಟೋ ವಾಸಿ ಇತ್ತು.

"ಏಯ್ ಶೈಲಾ, ಹೊಸಾ ಗಾಗಲ್ ಆರ್ಡರ್ ಮಾಡವಾ, ಲಗೂ!" ಕಾಕಾ ಮೊಬೈಲು ಚಾಚಿದರು. "ಈ ಸಲ ಹಸರದು ನೋಡ್ತಿಯೇನು?"

ಅವಳು ಮೊಬೈಲು ತೆಗೆದುಕೊಂಡು ಅಪ್ಪನ ಪಕ್ಕ ನೆಲದ ಮೇಲೆ ಕೂತಳು. ಫೋಟೊ ದಾಟಿ, ಸ್ಟಾರ್ ದಾಟಿ, ಕೆಳಗಿನ ಸಣ್ಣ ಅಕ್ಷರಗಳಿಗೆ ಹೋದಳು. ಒಂದೊಂದೇ ಸಾಲು ದೊಡ್ಡದಾಗಿ ಓದಿದಳು. ಅಂಕಿ ಬಂದಲ್ಲೆಲ್ಲ ಅಪ್ಪನಿಗೆ ತೋರಿಸಿದಳು. ಅವನು ಮಷೀನಿನ ಚೀಟಿ ನೋಡಿ, ಹೂಂ ಎಂದ, ಇಲ್ಲ ಎಂದ. ನಾಲ್ಕನೆಯದಕ್ಕೆ ಹೂಂ ಬಂತು. ಓ.ಡಿ. ಅಂಕಿಯೂ ಬರೆದಿತ್ತು.

"ಆತಲ್ಲ? ಒತ್ತು ಒತ್ತು!" ಎಂದರು ಕಾಕಾ.

"ತಡೀರಿ ಕಾಕಾ" ಎಂದಳು ಶೈಲಶ್ರೀ. "ಇಲ್ಲೊಂದು ಶಬ್ದ ಅದ, ನನಗ ತಿಳಿಯವಲ್ದು. ನಾಳೆ ಮ್ಯಾಡಮ್‌ಗೆ ಕೇಳ್ತೀನಿ."

ಕಾಕಾ ಅವಳನ್ನೇ ನೋಡಿದರು. ಅವಳು ಹೋಮ್‌ವರ್ಕ್ ನೋಟಬುಕ್ ತೆಗೆದು, ಆ ಶಬ್ದವನ್ನು ಒಂದೊಂದೇ ಅಕ್ಷರ ನೋಡಿ ಬರೆದುಕೊಂಡಳು. ಬರೆದದ್ದನ್ನು ಇನ್ನೊಂದು ಸಲ ನೋಡಿ ನೋಟಬುಕ್ ಮುಚ್ಚಿದಳು.